ನಮ್ಮ ಯುದ್ಧಕ್ಕ ಫೋಟೋ ಇಲ್ಲ

ನಾವು ಐದು ಮಂದಿ. ಚಿಕ್ಕೋಡಿಯವ ಒಬ್ಬ, ಅಥಣಿಯವ ಒಬ್ಬ, ಕಾಗವಾಡದವ ಒಬ್ಬ, ರಾಯಬಾಗದಾಕಿ ಒಬ್ಬಾಕಿ, ನಿಪ್ಪಾಣಿಯವರು ನಾವು. ಐವರ ಮನೆಯಲ್ಲೂ ಡಿಗ್ರಿ ಅಂಬೋದನ್ನ ಮೊದಲಿಗೆ ಹೊತ್ತು ತಂದವರು ನಾವೇ. ತಂದ ಮೇಲೆ ಅದನ್ನು ಎಲ್ಲಿ ತೂಗುಹಾಕಬೇಕು ಅಂತ ತಿಳಿಯದೆ, ಮಳೆಗೆ ಸೋರದ ಮೂಲೆ ನೋಡಿ, ಟ್ರಂಕಿನೊಳಗ ಇಟ್ಟವರೂ ನಾವೇ.

ಧಾರವಾಡದ ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಅಥಣಿ ಗೆಳೆಯ ಎಲ್ಲಿಂದಲೋ ಒಂದು ಸರಣಿ ತಂದ. ಅಮೆರಿಕದ ಕೆನ್ ಬರ್ನ್ಸ್ ಅಂಬವ ತನ್ನ ದೇಶದ ಅಂತರ್ಯುದ್ಧದ ಮೇಲೆ ಮಾಡಿದ್ದು. 1990ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರ್ವಜನಿಕ ಟಿವಿಯಲ್ಲಿ ಐದು ರಾತ್ರಿ ಬಂದದ್ದು. ಒಂಬತ್ತು ಭಾಗ, ಸುಮಾರು 11 ತಾಸು. ಯುದ್ಧ ನಡೆದದ್ದು 1861ರಿಂದ 1865ರವರೆಗೆ ನಾಲ್ಕು ವರ್ಷ. ಚಿತ್ರ ಮಾಡಲಿಕ್ಕೆ ಹತ್ತಿದ್ದು ಐದು ವರ್ಷಕ್ಕೂ ಹೆಚ್ಚು! ಆ ಕಾಲಕ್ಕೆ ಸಿನಿಮಾ ಇನ್ನೂ ಹುಟ್ಟಿರಲಿಲ್ಲ. ಇದ್ದದ್ದು ಬರೇ ಫೋಟೋ, ಪತ್ರ, ಡೈರಿ. ಆತ ಆ ಫೋಟೋಗಳ ಮೇಲೆ ಕ್ಯಾಮೆರಾವನ್ನು ಮೆಲ್ಲಗೆ ನಡೆಸುತ್ತಾನೆ. ಮೊದಲು ಒಂದು ಬೂಟು, ಆಮೇಲೆ ಮೊಣಕಾಲು, ಆಮೇಲೆ ಕೈಯೊಳಗಿನ ಬಂದೂಕು, ಕಡೀಗೆ ಮುಖ. ಹಿಂದಿನಿಂದ ಒಂದು ಪಿಟೀಲು. 1861ರ ಜುಲೈನಲ್ಲಿ ಹೆಂಡತಿಗೆ ಪತ್ರ ಬರೆದಿಟ್ಟು ಒಂದೇ ವಾರಕ್ಕೆ ಫಿರಂಗಿ ಗುಂಡಿಗೆ ಬಿದ್ದ ಒಬ್ಬ ಅಧಿಕಾರಿಯ ಪತ್ರ ಓದಿದಾಗ ನಮ್ಮ ಅಥಣಿಯವ ಅತ್ತೇಬಿಟ್ಟ. ನಾವೂ ಕಣ್ಣು ಒರೆಸಿಕೊಂಡೆವು, ಸುಳ್ಳು ಯಾಕೆ ಹೇಳೋಣ.

ರಾಯಬಾಗದಾಕಿ ಅಳಲಿಲ್ಲ. ಕೇಳಿದಳು: 'ಪತ್ರ ಬರದವರೆಲ್ಲಾ ಸಾಲಿ ಕಲತವರು. ಸಾಲಿ ಕಲಿಯಾಕ ಬಿಡದವರ ಪತ್ರ ಎಲ್ಲಿ ಅದಾವ?'

ಪ್ರಶ್ನೆ ಬರೋಬ್ಬರಿ ಇತ್ತು. 40 ಲಕ್ಷ ಗುಲಾಮರು ಆ ದೇಶದಲ್ಲಿ ಇದ್ದರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. (ಇದು ನಮಗೆ ಹೊಸ ಸುದ್ದಿಯಲ್ಲ; ಮನು ನೂರು ಹಾದಿ ಮುಂದಿದ್ದ.) ಸುಮಾರು 1 ಲಕ್ಷ 80 ಸಾವಿರ ಕರಿಯರು ಆ ಯುದ್ಧದಲ್ಲಿ ಉತ್ತರದ ಪರವಾಗಿ ಕಾದಿದರು. ಆದರೆ ಸರಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡುವವರು ಶೆಲ್ಬಿ ಫೂಟ್ ಎಂಬ ದಕ್ಷಿಣದ ಬಿಳಿಯ ಕಾದಂಬರಿಕಾರರು. ಗೌಡರ ಕಟ್ಟಿ ಮೇಲೆ ಕುಂತ ಹಿರಿಯರು ತಂಬಾಕು ತಿಕ್ಕುತ್ತ ಹಳೇ ಕತೆ ಹೇಳಿದ ಹಾಗೆ, ಭಾಳ ರುಚಿಯಾಗಿ ಹೇಳುತ್ತಾರೆ. ಬಾರ್ಬರಾ ಫೀಲ್ಡ್ಸ್ ಎಂಬ ಕರಿಯ ಇತಿಹಾಸಕಾರ್ತಿಗೆ ಸಿಕ್ಕ ಹೊತ್ತು ಅದರ ಒಂದು ಚೂರು. ಆ ಯುದ್ಧ ಇನ್ನೂ ಮುಗಿದಿಲ್ಲ ಅನ್ನುವ ಅರ್ಥದ ಮಾತು ಬಂದದ್ದು ಮಾತ್ರ ಆಕೆಯ ಬಾಯಿಂದಲೇ. ಅಣ್ಣತಮ್ಮಂದಿರ ಜಗಳ ಅನ್ನೋ ಹಾಗೆ ತೋರಿಸಿ ಗುಲಾಮಗಿರಿಯನ್ನು ಹಿಂದಕ್ಕೆ ಸರಿಸಿದರು ಅಂತ ಆ ದೇಶದಲ್ಲೇ ಎಷ್ಟೋ ಮಂದಿ ಇತಿಹಾಸಕಾರರು ತಕರಾರು ತೆಗೆದಿದ್ದಾರೆ.

ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ಗುಲಾಮಗಿರಿಯನ್ನು ತೆಗೆದುಹಾಕಿದ ಅಮೆರಿಕದ ಜನರಿಗೆ. ಯುದ್ಧ ಮುಗಿದು ಎಂಟೇ ವರ್ಷ ಆಗಿತ್ತು. ಸಮುದ್ರದಾಚೆಯ ಸುದ್ದಿ ನಮ್ಮ ಮನೆಯದೇ ಸುದ್ದಿ ಅಂತ ಪುಣೆಯ ಆ ಮನುಷ್ಯನಿಗೆ ಹೊಳೆದಿತ್ತು. ನಮಗೂ ಆ ರಾತ್ರಿ ಅದೇ ಹೊಳೆಯಿತು ಅಂದರೆ ದೊಡ್ಡ ಮಾತಾದೀತು. ಹುರುಪು ಬಂತು, ಅಷ್ಟು ಖರೆ. ಐದು ಊರು, ಐದು ಭಾಗ. ಕ್ಯಾಮೆರಾ ನಮ್ಮ ಮೊಬೈಲು. ಹೆಸರು 'ಅಂತರ್ಯುದ್ಧ'.

ಚಿಕ್ಕೋಡಿಯವನಿಗೆ ಹೆಸರು ಸೇರಲಿಲ್ಲ. 'ಯುದ್ಧ ಅಂದ್ರ ಎರಡೂ ಕಡೆ ಆಯುಧ ಇರಬೇಕು. ಇಲ್ಲಿ ಒಂದು ಕಡೆ ಬರೇ ಬೆನ್ನು ಐತಿ' ಅಂದ. ನಾವು ವಾದಿಸಿದೆವು. ಒಂದೇ ಹೆಸರಿನ ಊರಿನಲ್ಲಿ ಎರಡು ಊರು, ಎರಡು ಸುಡುಗಾಡು, ಎರಡು ನೀರು. ಯುದ್ಧ ಸಾರಿದವರಿಲ್ಲ, ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವವರೂ ಇಲ್ಲ. ಬೆನ್ನು ತಿರುಗಿಸಿ ನಿಂತ ದಿನಗಳು ನಮ್ಮ ಕಡೆಗೇ ಎಷ್ಟಿಲ್ಲ! 1920ರ ಮಾರ್ಚ್‌ನಲ್ಲಿ ಗಡಿಯಾಚೆಯ ಮಾಣಗಾವಿಯಲ್ಲಿ ಪರಿಷತ್ತು. ಶಾಹೂ ಮಹಾರಾಜರು ತಾವೇ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಅಂತ ಹರೆಯದ ಅಂಬೇಡ್ಕರರನ್ನು ತೋರಿಸಿದ್ದು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಮುಂಬಯಿ ಇಲಾಖೆಯ ಬಹಿಷ್ಕೃತರ ಪರಿಷತ್ತು, ಬಾಬಾಸಾಹೇಬರ ಅಧ್ಯಕ್ಷತೆಯಲ್ಲಿ. ನಿಪ್ಪಾಣಿಯಲ್ಲಿ ಹುಟ್ಟಿ, ಬೆಳೆದು, ಎಸ್ಸೆಸ್ಸೆಲ್ಸಿ ಪಾಸಾಗುವ ತನಕ ಯಾವ ಮಾಸ್ತರೂ ನಮಗೆ ಇದನ್ನು ಹೇಳಿರಲಿಲ್ಲ.

ಹೇಳಿದ್ದು ಬೇರೊಂದು ಯುದ್ಧದ ಕತೆ. ಗಡಿ! 1956ರ ನವೆಂಬರ್ ಒಂದರಿಂದ ಆರಂಭ, 1967ರ ಮಹಾಜನ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು. ನವೆಂಬರ್ ಒಂದು ಬಂತಂದರೆ ಒಬ್ಬರಿಗೆ ರಾಜ್ಯೋತ್ಸವ, ಒಬ್ಬರಿಗೆ ಕರಾಳ ದಿನ. ಬಸ್ಸಿಗೆ ಕಲ್ಲು ಬೀಳತಾವ, ಬೋರ್ಡಿಗೆ ಡಾಂಬರು ಬೀಳತೈತಿ, ಎರಡೂ ಕಡೆಯ ಪುಢಾರಿಗಳ ಕೊರಳಿಗೆ ಹಾರ ಬೀಳತೈತಿ. ನಮ್ಮ ಕೇರಿಯಲ್ಲಿ ಅವ್ವ ಕನ್ನಡದಾಗ ಬೈದರೆ ಆಯಿ ಮರಾಠಿಯೊಳಗ ಸಮಾಧಾನ ಮಾಡತಾಳ. ಕೇರಿ ಯಾವ ರಾಜ್ಯಕ್ಕ ಸೇರಬೇಕು ಅಂತ ಯಾರೂ ಜಗಳ ಆಡಿದ್ದು ಕಾಣೆವು. ಅದರ ಬಗ್ಗೆ ಇಷ್ಟು ಸಾಕು.

ನಿಪ್ಪಾಣಿಯ ಭಾಗ ಮೊದಲು ಮಾಡೋದು ಅಂತಾಯಿತು. ವಿಷಯ ತಂಬಾಕಿನ ವಖಾರಿ. ನಾವೇ ಮೊದಲಿಗರು, ಯಾರೂ ಮುಟ್ಟದ್ದನ್ನು ಮುಟ್ಟತೀವಿ ಅಂತ ಎದೆ ಉಬ್ಬಿಸಿಕೊಂಡು ಹುಡುಕಲಿಕ್ಕೆ ಕುಂತರೆ, ನಮ್ಮ ಅವ್ವ ಲಗ್ನಕ್ಕೆ ಬರೋದಕ್ಕೂ ಮೊದಲೇ ಅದು ಆಗಿಹೋಗಿತ್ತು! ಬೆಂಗಳೂರಿನಲ್ಲಿ 1980ರಲ್ಲಿ ಕೂಡಿದ 'ಯುಗಾಂತರ' ಎಂಬ ತಂಡ: ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಕ್ಯಾಮೆರಾಕ್ಕೆ ನವರೋಜ್ ಕಾಂಟ್ರಾಕ್ಟರ್. ಅವರು ಮಾಡಿದ್ದೂ ಒಂದು ಸಾಲು ಚಿತ್ರಗಳನ್ನೇ, ನಾಲ್ಕು. ಪುಣೆಯ ಮನೆಗೆಲಸದ ಹೆಂಗಸರ ಮೇಲೆ 'ಮೋಲಕರೀಣ' 1981ರಲ್ಲಿ, ಮರುವರ್ಷ ನಿಪ್ಪಾಣಿಯಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ', ಆಮೇಲೆ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಜೊತೆ ಒಂದು, ಹಿಮಾಲಯದ ಚಿಪ್ಕೋ ಹೆಂಗಸಿನ ಮೇಲೆ ಒಂದು. ನಿಪ್ಪಾಣಿಯದು ಸುಮಾರು 25 ನಿಮಿಷದ್ದು, ಕಪ್ಪು ಬಿಳುಪು. ಸುಮಾರು ನಾಲ್ಕು ಸಾವಿರ ವಖಾರಿ ಹೆಂಗಸರು ಸಂಘ ಕಟ್ಟಿದ ಕತೆ. ಎಷ್ಟೋ ವರ್ಷ ಡಬ್ಬಿಯಲ್ಲಿದ್ದ ಆ ರೀಲುಗಳನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ತಿದ್ದಿ ತೊಳೆದು ಡಿಜಿಟಲ್ ಮಾಡಿತು. ನಮ್ಮ ಹಿತ್ತಲದ ಧೂಳು ಜರ್ಮನಿಗೆ ಹೋಗಿ ಬಂದಿತ್ತು. ಹಿತ್ತಲದಲ್ಲೇ ಬೆಳೆದ ನಮಗೆ ಅದರ ಸುದ್ದಿ ಇರಲಿಲ್ಲ. ನಾಚಿಕೆ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಹೇಳಲಾರೆವು.

ನಿಪ್ಪಾಣಿ ಅಂದರೆ ಹೊರಗಿನವರಿಗೆ ನೆನಪಿರೋದು 1981ರ ತಂಬಾಕು ಬೆಳೆಗಾರರ ಚಳವಳಿ. ಶರದ ಜೋಶಿಯವರ ನೇತೃತ್ವ, ಹೆದ್ದಾರಿ ಮೇಲೆ ವಾರಗಟ್ಟಲೆ ಕುಂತ ರೈತರು, ಏಪ್ರಿಲ್‌ನಲ್ಲಿ ಪೋಲೀಸರ ಗುಂಡು, ಹೆಣಗಳು. ಆ ಹುತಾತ್ಮರನ್ನು ಜನ ಇಂದಿಗೂ ನೆನೆಯುತ್ತಾರೆ, ನೆನೆಯಬೇಕಾದ್ದೇ. ಆದರೆ ಅದೇ ಎಲೆ ಹೊಲದಿಂದ ವಖಾರಿಗೆ ಬಂದ ಮೇಲೆ ಅದನ್ನು ಬಡಿದು, ಸಾಣಿಸಿ, ಜರ್ದಾ ಮಾಡಿದ ಹೆಂಗಸರ ಕೆಮ್ಮಿಗೆ ಯಾವ ತಾರೀಖೂ ಇಲ್ಲ.

ಆ 25 ನಿಮಿಷವನ್ನು ನಾವು ನಮ್ಮ ಆಯಿಗೆ ತೋರಿಸಿದೆವು. ಆಯಿ ಹನ್ನೊಂದನೇ ವರ್ಷಕ್ಕೆ ವಖಾರಿಗೆ ಹೋದಾಕಿ, ಕಣ್ಣು ಮಂಜಾಗೋ ತನಕ ಸಾಣಗಿ ಹಿಡಿದಾಕಿ. ಮೊಬೈಲನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದೆವು. ಆಕೆ ತನ್ನ ಮುಖ ಹುಡುಕಬಹುದು, ಸಿಕ್ಕರೆ ಅದನ್ನೂ ತೆಗೆಯೋಣ ಅಂತ ಇನ್ನೊಂದು ಮೊಬೈಲು ಹಿಡಿದು ಕಾಯುತ್ತಿದ್ದೆವು. ಪರದೆಯ ಮೇಲೆ ಸಾಣಗಿಗಳು ಆಡತೊಡಗಿದವು, ಧೂಳು ಎದ್ದಿತು. ಆಯಿ ತಟ್ಟನೆ ಸೆರಗು ತಗೊಂಡು ಮೂಗಿಗೆ ಕಟ್ಟಿಕೊಂಡಳು.

ಮುಗಿಯೋ ತನಕ ಬಿಚ್ಚಲಿಲ್ಲ. ಸಂಘ ಬಂತು, ಘೋಷಣೆ ಬಂದವು, ಆಕೆ ಒಂದಕ್ಕೂ ಏನೂ ಅನ್ನಲಿಲ್ಲ. ಆಮೇಲೆ ಕೇಳಿದೆವು.

'ಸಂಪಿಗೆ ನೀನೂ ಹೋಗಿದ್ದಿ ಏನ ಆಯಿ?'

'ಹೋಗದ ಏನ ಮಾಡೂದು. ಎಲ್ಲಾರೂ ಹೋದ್ರು, ನಾನೂ ಹೋದ್ನಿ. ಮನ್ಯಾಗ ನಿಮ್ಮ ಮುತ್ಯಾ ಬಡದಾ. ಮರುದಿನ ಮತ್ತ ಹೋದ್ನಿ.'

'ವಖಾರ್‍ಯಾಗ ಜಾತಿ ಮಾಡತಿದ್ರೇನು?'

ಆಯಿ ಭಾಳ ಹೊತ್ತು ಯೋಚನೆ ಮಾಡಿದಳು. 'ಧೂಳಿನ್ಯಾಗ ಎಲ್ಲಾ ಜಾತಿ ಹೆಂಗಸರ ಮೂಗೂ ಒಂದ ಇದ್ದೂ. ನೀರಿನ ಗಡಿಗಿ ಎರಡಿದ್ದೂ' ಅಂದಳು.

'ಸಂಘ ಆದ ಮ್ಯಾಲ ಗಡಿಗಿ ಒಂದ ಆತೇನು?'

'ಪಗಾರ ಹೆಚ್ಚ ಆತು' ಅಂದಳು ಆಯಿ.

ನಮ್ಮ ಮೊದಲ ಭಾಗದಲ್ಲಿ ಇದೇ ಇದೆ. ಇದರ ಮೇಲೆ ಪಿಟೀಲು ಹಚ್ಚಬೇಕು ಅಂತ ಅಥಣಿಯವ ಹಟ ಹಿಡಿದ. ಕೆಮ್ಮು ಇರುವಾಗ ಪಿಟೀಲು ಬೇಡ ಅಂದೆವು.

ಅಥಣಿಯ ಭಾಗಕ್ಕೆ ಚಪ್ಪಲಿ. ಕೊಲ್ಲಾಪುರಿ ಅಂತ ಜಗತ್ತು ಕರೆಯುವ ಚಪ್ಪಲಿ ಹೊಲಿಯುವ ಮನೆಗಳು ಅಥಣಿ, ನಿಪ್ಪಾಣಿ ಕಡೆಗೂ ಇವೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆ ಇವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಅಂಥದೇ ಚಪ್ಪಲಿ ತೋರಿಸಿ, ಮೊದಲಿಗೆ ನಮ್ಮವರ ಹೆಸರನ್ನೇ ಹೇಳದೆ, ಗದ್ದಲ ಎದ್ದ ಮೇಲೆ ಒಪ್ಪಿಕೊಂಡಿತು. ಹೊಲಿಯುವ ಸಮಗಾರ ಅಜ್ಜ ನಮ್ಮ ಮೊಬೈಲಿನ ಮುಂದೆ ಹೇಳಿದ್ದು ಬೇರೆಯೇ: ಹುಡುಗನಿದ್ದಾಗ ತಾನು ಹೊಲಿದ ಚಪ್ಪಲಿಯನ್ನೇ ಊರೊಳಗ ಹಾದು ಹೋಗುವಾಗ ಕೈಯಾಗ ಹಿಡಕೊಂಡು ಹೋಗಬೇಕಾಗಿತ್ತು. ಕಾಗವಾಡದ ಭಾಗ ಕಬ್ಬು, ಉಗಾರದ ಸಕ್ಕರೆ, 2019ರ ಕೃಷ್ಣೆಯ ಮಹಾಪೂರ. ಅದು ಇನ್ನೂ ಹಾಳೆ ಮೇಲೇ ಐತಿ.

ಈಗ ಹೇಳಬೇಕಾದ್ದನ್ನು ಹೇಳುತ್ತೇವೆ. ಇದಕ್ಕಾಗಿಯೇ ಬರೆಯಲು ಕುಂತದ್ದು.

ರಾಯಬಾಗ ಕಡೆಯ ಒಂದು ಹಳ್ಳಿ. ಹೆಸರು ಬೇಡ. ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನದ ತುಣುಕಾಗಿತ್ತು. 1902ರಲ್ಲೇ ಶಾಹೂ ಮಹಾರಾಜರು ನೌಕರಿಯಲ್ಲಿ ಹಿಂದುಳಿದವರಿಗೆ ನೂರಕ್ಕೆ 50 ಮೀಸಲಿಟ್ಟ ಸಂಸ್ಥಾನ. ಆ ನೆಲದ ಒಂದು ಹಳ್ಳಿಯಲ್ಲಿ ಭೀಮ ಜಯಂತಿಯ ಮೆರವಣಿಗೆ ಅಗಸಿಯೊಳಗಿಂದ ಹೋಯಿತು ಅಂತ ಊರವರು ಕೇರಿಗೆ ಬಹಿಷ್ಕಾರ ಹಾಕಿದರು. ಕಿರಾಣಿ ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್, ಹೊಲದ ದಗದ ಬಂದ್. ಎರಡು ತಿಂಗಳು. ಕೇರಿಯ ಒಬ್ಬ ಕಾಕಾ ನಮ್ಮೆದುರು ಕುಂತು 40 ನಿಮಿಷ ಮಾತಾಡಿದ. ಯಾರು ಏನು ಅಂದರು, ಯಾರು ರಾತ್ರಿ ಕದ್ದು ಹಿಟ್ಟು ಕೊಟ್ಟರು, ಎಲ್ಲಾ ಹೆಸರು ಹಿಡಿದು. ನಾವು ಒಳಗೊಳಗೇ ಖುಷಿಯಾಗಿದ್ದೆವು. ಬರೆದದ್ದನ್ನು ಹಿಂದೆ ತಗೊಳ್ಳೋದಿಲ್ಲ: ಆ ಮನುಷ್ಯನ ದುಃಖ ಕೇಳುವಾಗ ನಮಗೆ ಖುಷಿ ಆಗುತ್ತಿತ್ತು, ಚಲೋ ಭಾಗ ಸಿಕ್ಕಿತು ಅಂತ.

ಮೂರನೇ ದಿನ ರಾತ್ರಿ ಕಾಕಾನ ಫೋನು. 'ತಮ್ಮಾ, ಅದನ್ನ ಅಳಿಸಿಬಿಡ್ರಿ.'

ಹೋದೆವು. ನಾವು ಬಂದು ಹೋದದ್ದು ಊರಿಗೆ ಗೊತ್ತಾಗಿತ್ತು. ಯಾರೂ ಬೆದರಿಕೆ ಹಾಕಿರಲಿಲ್ಲ. ಕಬ್ಬಿನ ಟೋಳಿಯ ಮುಕಾದಮ ಬರೇ ಇಷ್ಟೇ ಕೇಳಿದ್ದನಂತೆ: 'ಏನೋ ಸಿನಿಮಾದಾಗ ಬರಾಕತ್ತಿ ಅಂತಲ್ಲೋ, ಇನ್ನ ಕಬ್ಬು ಕಡಿಯಾಕ ಬರತಿ ಏನು?' ಕಾಕಾನ ಮುಂದೆಯೇ ಅಳಿಸಿದೆವು. ಆತನಿಗೆ ನಂಬಿಕೆ ಬರಲಿಲ್ಲ. ಹೈಸ್ಕೂಲಿನ ಮಗಳನ್ನು ಕರೆದ. ಆ ಹುಡುಗಿ ನಮ್ಮ ಮೊಬೈಲು ತಗೊಂಡು, 'ಅಪ್ಪಾ, ಅಳಿಸಿದ್ದು ಇದರ ಕಸದ ಡಬ್ಬಿಯೊಳಗ 30 ದಿನ ಇರತೈತಿ' ಅಂತ ಹೇಳಿ, ಅಲ್ಲಿಂದಲೂ ತಾನೇ ತೆಗೆದಳು. ಚಹಾ ಕೊಟ್ಟರು. ಬಸ್ ಸ್ಟ್ಯಾಂಡಿನ ತನಕ ಬರಲಾ ಅಂತ ಕಾಕಾ ಎದ್ದ, ಮತ್ತೆ ಕುಂತ. 'ಬ್ಯಾಡ, ಯಾರರ ನೋಡತಾರ' ಅಂದ.

ಒಂದು ಪ್ರತಿ ಉಳಿದಿತ್ತು. ಕಾಗವಾಡದವ ಮೊದಲ ದಿನವೇ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದ. ಅದು ನಮಗೆ ಗೊತ್ತಿತ್ತು. ಆ ಹುಡುಗಿ ಕಸದ ಡಬ್ಬಿ ಖಾಲಿ ಮಾಡುವಾಗ ನಾವು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇಲ್ಲಿ 'ನಾವು' ಅಂತ ಬರೆಯೋದು ಸಸ್ತಾ ಆಗುತ್ತದೆ. ಐವರಲ್ಲಿ ಗೊತ್ತಿದ್ದವರು ಇಬ್ಬರೇ: ಕಾಗವಾಡದವ ಮತ್ತು ಇದನ್ನು ಬರೆಯುತ್ತಿರುವ ಕೈ.

ಗೊತ್ತಾದ ದಿನ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದಿನ ಚಹಾದಂಗಡಿಯಲ್ಲಿ ಐವರೂ ಹರಿದಾಡಿದೆವು. ರಾಯಬಾಗದಾಕಿ ಗ್ಲಾಸು ನೆಲಕ್ಕೆ ಇಟ್ಟ ಸಪ್ಪಳಕ್ಕೆ ಅಂಗಡಿಯವ ತಿರುಗಿ ನೋಡಿದ.

'ಅಂವ ನಮ್ಮ ಕಾಕಾ. ನಾನು ಕರಕೊಂಡು ಹೋದಾಕಿ. ನಾಳೆ ಅವರ ಮನಿಗೆ ಯಾವ ಮುಖ ಇಟಗೊಂಡು ಹೋಗಲಿ?'

ಕಾಗವಾಡದವನೂ ಕಚ್ಚಾ ಆಸಾಮಿಯಲ್ಲ. 'ಆ ಬರ್ನ್ಸ್‌ಗೆ ಯಾರೂ ಫೋನ್ ಮಾಡಿ ಅಳಿಸು ಅಂದಿಲ್ಲ, ಯಾಕಂದ್ರ ಅಂವ ತೋರಿಸಿದವರು ಸತ್ತು ನೂರಾ ಇಪ್ಪತ್ತೈದು ವರ್ಷ ಆಗಿತ್ತು. ನಮ್ಮವರು ಸಾಯೂತನಕ ಕಾಯೂದೇನು? ಎಲ್ಲಾರೂ ಅಂಜಿ ಅಳಿಸಿದ್ರ, ಇಂಥಾದ್ದು ಆಗೇ ಇಲ್ಲ ಅಂತ ನಾಳೆ ಊರವರು ಹೇಳತಾರ. 1989ರ ಕಾಯದೆ ಐತಿ, ಖರೆ. ಸಾಕ್ಷಿ ಇಲ್ಲದ ಕಾಯದೇನ ಏನ ನೆಕ್ಕೂದೇನು?'

ಅವನ ಮಾತಿನಲ್ಲಿ ಅರ್ಧ ಖರೆ ಇತ್ತು. ಅದಕ್ಕೇ ಅವನ ಮೇಲೆ ಹೆಚ್ಚು ಸಿಟ್ಟು ಬಂತು. ಸತ್ತವರು ತಕರಾರು ಮಾಡುವುದಿಲ್ಲ. ಫೋಟೋದೊಳಗಿನ ಸೈನಿಕ ನಾಳೆ ಮುಂಜಾನೆ ಎದ್ದು ಮುಕಾದಮನ ಮುಂದೆ ನಿಲ್ಲಬೇಕಾಗಿಲ್ಲ. ನಮ್ಮ ಕಾಕಾ ನಿಲ್ಲಬೇಕು. ಅಮೆರಿಕದ ಸರಣಿಯಿಂದ ಕ್ಯಾಮೆರಾ ಹೇಗೆ ನಡೆಸೋದು ಅಂತ ಕಲಿತಿದ್ದೆವು, ಇದನ್ನು ಅಲ್ಲಿ ಕಲಿಯೋ ಹಾಗೇ ಇರಲಿಲ್ಲ. ಯುಗಾಂತರದವರು ಮೊದಲು ಹೆಂಗಸರ ಜೊತೆ ಕುಂತು, ಕೇಳಿ, ಅವರ ಜೊತೆಗೂಡಿಯೇ ಚಿತ್ರ ಕಟ್ಟಿದವರು. ನಾವು ಬಸ್ಸಿಳಿದ ಗಳಿಗೆಗೇ ಮೊಬೈಲು ತೆಗೆದವರು. ಒಂದೇ ಜಾತಿ, ಒಂದೇ ನೋವು, ಮತ್ತ್ಯಾಕೆ ಕುಂತು ಕೇಳಬೇಕು ಅಂತ ನಮ್ಮ ಸೊಕ್ಕು.

ಒಂದು ತಿಂಗಳು ಮಾತು ಬಿಟ್ಟೆವು. ಆಮೇಲೆ ಕಾಗವಾಡದವ ತಾನೇ ಪೆನ್‌ಡ್ರೈವ್ ತಂದುಕೊಟ್ಟ. ಮುರಿಯೋದು ಬೇಡ ಅಂತ ರಾಯಬಾಗದಾಕಿಯೇ ಅಂದಳು. ನಾವು ಮತ್ತು ಆಕೆ ಅದನ್ನು ಹಿಡಕೊಂಡು ಕಾಕಾನ ಮನೆಗೆ ಹೋದೆವು, ಮೊಬೈಲು ಚೀಲದಲ್ಲೇ ಇಟ್ಟು. ನಡೆದದ್ದು ನಡೆದ ಹಾಗೆ ಹೇಳಿದೆವು. ಕಾಕಾ ಬೈಯಬಹುದು ಅಂದುಕೊಂಡಿದ್ದೆವು. ಬೈಯಲಿಲ್ಲ. ಮಗಳು ನಮ್ಮ ಕಡೆ ನೋಡಿದ ನೋಟಕ್ಕೆ ಬೈಗಳು ವಾಸಿ ಇತ್ತು.

ಕಾಕಾ ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟು ತೂಗಿದ. 'ಇಷ್ಟ ಸಣ್ಣದರಾಗ ಅಷ್ಟೂ ಐತೇನು?'

'ಐತಿ ಕಾಕಾ.'

'ಇದ ಕಡೀದು?'

'ಇದ ಕಡೀದು.'

ಎದ್ದು ಹೋಗಿ ಟ್ರಂಕು ತೆಗೆದ. ಮಗಳ ಜಾತಿ ಪ್ರಮಾಣಪತ್ರ, ಸಾಲಿಯ ಮಾರ್ಕ್ಸ್‌ಕಾರ್ಡು ಇದ್ದ ಪ್ಲಾಸ್ಟಿಕ್ ಚೀಲದೊಳಗ ಅದನ್ನು ಹಾಕಿ ಗಂಟು ಕಟ್ಟಿದ. 'ಅಕಿ ಹತ್ತನೆತ್ತ ಮುಗಸಲಿ. ಧಾರವಾಡಕ್ಕೋ ಎಲ್ಲಿಗೋ ಹೋಗಲಿ. ಆಮ್ಯಾಲ ಅಕೀನ ತೋರಿಸತಾಳ, ತೋರಿಸೂದ ಇದ್ರ' ಅಂದ. ಆ ದಿನ ಬಸ್ ಸ್ಟ್ಯಾಂಡಿನ ತನಕ ಬಂದ. ನಮ್ಮಿಂದ ಹತ್ತು ಮಾರು ಹಿಂದೆ.

ಹಾಗಾಗಿ ನಮ್ಮ ಸರಣಿಯಲ್ಲಿ ರಾಯಬಾಗದ ಭಾಗ ಇಲ್ಲ. ಆ ಜಾಗದಲ್ಲಿ ಅರ್ಧ ನಿಮಿಷ ಕಪ್ಪು ಪರದೆ ಇಟ್ಟಿದ್ದೇವೆ, ಮೇಲೆ ಒಂದೇ ಸಾಲು: ಇಲ್ಲಿ ಮಾತಾಡಿದವರು ಆ ಊರಲ್ಲೇ ಇದ್ದಾರೆ. ಇದು ನಾಟಕ ಆಯಿತು ಅಂತ ಚಿಕ್ಕೋಡಿಯವನ ತಕರಾರು. ಇರಬಹುದು.

ನಿಪ್ಪಾಣಿಯ ಭಾಗ ತೋರಿಸಲಿಕ್ಕೆ ಒಂದು ಕಾಲೇಜಿನ ಹಾಲು ಕೇಳಿದೆವು. ವಿಷಯ ಸೂಕ್ಷ್ಮ ಐತಿ, ಮುಂದಿನ ವರ್ಷ ನೋಡೋಣ ಅಂದರು. ನಮ್ಮ ಕೇರಿಯ ಸಮಾಜ ಮಂದಿರದ ಗೋಡೆಗೆ ಬಿಳೀ ಚಾದರ ಕಟ್ಟಿ ತೋರಿಸಿದೆವು. ಪ್ರೊಜೆಕ್ಟರು ಒಬ್ಬ ಸಾಲಿ ಮಾಸ್ತರರು ಕೊಟ್ಟರು, ಹೆಸರು ಹಾಕಬ್ಯಾಡ್ರಿ ಅಂತ ಹೇಳಿ. ಮೊದಲು 1982ರ ಚಿತ್ರ, ಆಮೇಲೆ ನಮ್ಮದು. ಮುಂದಿನ ಸಾಲಿನಲ್ಲಿ ಹುಡುಗರು, ಹಿಂದೆ ಗೋಡೆಗೆ ಆನಿಸಿ ಕುಂತ ಮುದುಕಿಯರು, ಹೆಚ್ಚಿನವರು ಒಂದು ಕಾಲಕ್ಕೆ ಸಾಣಗಿ ಹಿಡಿದವರೇ. ಧೂಳು ಎದ್ದಾಗ ಮೂಗಿಗೆ ಹೋದ ಸೆರಗುಗಳನ್ನು ಎಣಿಸಲಿಕ್ಕೆ ಆಗಲಿಲ್ಲ, ಕತ್ತಲಿತ್ತು.

ಚಾದರದ ಮೇಲೆ ಆಯಿ ಬಂದು ನೀರಿನ ಗಡಿಗಿ ಎರಡಿದ್ದೂ ಅಂದಳು. ಹಿಂದಿನಿಂದ ಒಂದು ಮುದುಕಿ ಎದ್ದು ನಿಂತಿತು.

'ಏ, ಸುಳ್ಳ ಹೇಳಬ್ಯಾಡ. ಎರಡಲ್ಲ, ಮೂರ ಇದ್ದೂ. ನಮ್ಮದು ಬಾಗಲ ಹೊರಗ ಇತ್ತು, ನೀ ಎಲ್ಲಿ ನೋಡೀದಿ?'

ಸಮಗಾರರ ಓಣಿಯ ಮುದುಕಿ ಅದು. ಮಂದಿರವೆಲ್ಲ ಸುಮ್ಮನಾಯಿತು. ಚಾದರದ ಮೇಲಿನ ಆಯಿ ಇನ್ನೂ ಮಾತಾಡುತ್ತಲೇ ಇದ್ದಳು, ನೆಲದ ಮೇಲೆ ಕುಂತ ಆಯಿ ತಲೆ ಎತ್ತಿ ಆ ಮುದುಕಿಯ ಕಡೆ ನೋಡಿದಳು.

'ಹೌದಲ್ಲ' ಅಂದಳು. 'ಮೂರ ಇದ್ದೂ.'

ರಾಯಬಾಗದಾಕಿ ಪ್ರೊಜೆಕ್ಟರು ಬಂದ್ ಮಾಡಿ ದೀಪ ಹಚ್ಚಿದಳು. ಆ ಮುದುಕಿಯ ಹತ್ತಿರ ಹೋಗಿ, ಬಾಜೂಕ ಕುಂತಳು. ಮೊಬೈಲು ತೆಗೆಯಲಿಲ್ಲ. 'ಹೇಳ ಆಯಿ, ಎಲ್ಲಿ ಇಡತಿದ್ರು?' ಅಂದಳು.